ನಿಮ್ಮ ತೀರ್ಮಾನ ಯಾವ ಕಡೆ ವಾಲುತ್ತದೆ? ನೋಟ್‌ಬುಕ್ ಇಟ್ಟು ಹಿಡಿಯುವ ಕ್ರಮ

ಪೂರ್ವಗ್ರಹಗಳ ಬಗ್ಗೆ, ಅಂದರೆ ನಮಗೇ ಗೊತ್ತಾಗದಂತೆ ತೀರ್ಮಾನವನ್ನು ಒಂದು ಕಡೆಗೆ ವಾಲಿಸುವ ಮನಸ್ಸಿನ ಅಭ್ಯಾಸಗಳ ಬಗ್ಗೆ, ಮಾತು ಬಂದಾಗೆಲ್ಲ ನನಗೆ ಒಂದೇ ತರಹದ ದೂರು ಕೇಳಿಸುತ್ತದೆ. "ಪೂರ್ವಗ್ರಹಗಳ ಪಟ್ಟಿ ಪೂರ್ತಿ ಓದಿದೆ. ನಮ್ಮ ಯಜಮಾನರಿಗೆ ನಾಲ್ಕು ಸರಿಯಾಗಿ ಹೊಂದುತ್ತೆ, ನಮ್ಮ ಬಾಸ್‌ಗೆ ಏಳು. ನನ್ನಲ್ಲಿ ಮಾತ್ರ ಯಾವುದೂ ಕಾಣ್ತಿಲ್ಲ." ಇದನ್ನು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜಕ್ಕೂ ಕಾಣುತ್ತಿಲ್ಲ.

ಅವರು ಹುಡುಕುವ ಜಾಗ ತಪ್ಪು. ಕಣ್ಣು ಮುಚ್ಚಿ ಕೂತು "ನಾನು ಪಕ್ಷಪಾತ ಮಾಡಿದೆನಾ?" ಎಂದು ಮನಸ್ಸನ್ನೇ ಕೇಳಿದರೆ, ಮನಸ್ಸು "ಇಲ್ಲ" ಅನ್ನುತ್ತದೆ. ತೀರ್ಮಾನ ವಾಲಿದ್ದೂ ಅದೇ ಮನಸ್ಸಿನಲ್ಲಿ, ತನಿಖೆ ಮಾಡುತ್ತಿರುವುದೂ ಅದೇ ಮನಸ್ಸು. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಮಿಲಿ ಪ್ರೋನಿನ್ ಮತ್ತು ಜೊತೆಗಾರರು 2002ರಲ್ಲಿ ಜನರಿಗೆ ಹಲವು ಪೂರ್ವಗ್ರಹಗಳನ್ನು ವಿವರಿಸಿ, ಇದು ನಿಮ್ಮಲ್ಲಿ ಎಷ್ಟಿದೆ, ಬೇರೆಯವರಲ್ಲಿ ಎಷ್ಟಿದೆ ಎಂದು ಕೇಳಿದರು. ಬೇರೆಯವರಲ್ಲೇ ಜಾಸ್ತಿ ಎಂಬ ಉತ್ತರ ಬಂತು. ಬುದ್ಧಿವಂತರು ಇದರಿಂದ ತಪ್ಪಿಸಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ. 2012ರ ಇನ್ನೊಂದು ಅಧ್ಯಯನದಲ್ಲಿ ಚುರುಕು ಬುದ್ಧಿಯವರಲ್ಲೂ ಈ ಕುರುಡು ಕಡಿಮೆ ಇರಲಿಲ್ಲ.

ಹಾಗಾಗಿ ಈ ಕ್ರಮದಲ್ಲಿ ಮನಸ್ಸನ್ನು ಕೇಳುವುದೇ ಇಲ್ಲ. ತೀರ್ಮಾನದ ಫಲಿತಾಂಶ ಗೊತ್ತಾಗುವ ಮೊದಲು ಕಾಗದದ ಮೇಲೆ ಗುರುತು ಬಿಡುತ್ತೇವೆ. ಆಮೇಲೆ ಗುರುತು ನೋಡುತ್ತೇವೆ. ಹೆಚ್ಚಿನವರು ಎಡವುವುದು ಹಂತಗಳ ಅನುಕ್ರಮದಲ್ಲಿ, ಆದ್ದರಿಂದ ಅದನ್ನು ದಯವಿಟ್ಟು ಬದಲಿಸಬೇಡಿ.

## ಬೇಕಾದ ಸಾಮಾನು

ಇನ್ನೂರು ಪುಟದ ಒಂದು ಗೆರೆ ನೋಟ್‌ಬುಕ್. ಪೆನ್ನು ಬೇಕು, ಪೆನ್ಸಿಲ್ ಬೇಡ. ಫೋನಿನಲ್ಲಿ ದಿನಾಂಕ ನೆನಪಿಸುವ ಅಲಾರಂ. ನಿಮಗೆ ಹೆದರದ, ನಿಮ್ಮ ತೀರ್ಮಾನದಿಂದ ಲಾಭವೂ ಇಲ್ಲದ ಒಬ್ಬ ಪರಿಚಯದವರು. ಒಂದೊಂದು ನಮೂದಿಗೆ ಹತ್ತು ನಿಮಿಷ.

ಫೋನಿನಲ್ಲೇ ಬರೆದರೆ ಆಗಲ್ವಾ ಎಂದು ಎಲ್ಲರೂ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಫೋನಿನಲ್ಲಿ ಹಳೆಯ ಸಾಲನ್ನು ಸದ್ದಿಲ್ಲದೆ ತಿದ್ದಬಹುದು, ಒಂದು ಸಲ ತಿದ್ದಿದರೆ ಇಡೀ ಕೆಲಸ ವ್ಯರ್ಥ. ಶಾಯಿಯಲ್ಲಿ ಹೊಡೆದು ಹಾಕಿದ ಮಾತು ಹೊಡೆದು ಹಾಕಿದಂತೆಯೇ ಕಾಣುತ್ತದೆ. ಆ ಗೀಟು ಕೂಡ ಮುಂದೆ ಉಪಯೋಗಕ್ಕೆ ಬರುತ್ತದೆ.

## ಹಂತ 1: ಕಣ್ಣಿನ ಕುರುಡುಚುಕ್ಕೆಯನ್ನು ನೋಡಿ

ಇದು ಐದು ನಿಮಿಷದ ಕೆಲಸ, ಬಿಡಬೇಡಿ. ನೋಟ್‌ಬುಕ್ಕಿನ ಮೊದಲ ಪುಟದ ಎಡಕ್ಕೆ ಒಂದು ಸಣ್ಣ ಕೂಡುವ ಚಿಹ್ನೆ ಬರೆಯಿರಿ. ಅದೇ ಗೆರೆಯ ಮೇಲೆ, ಬಲಕ್ಕೆ 8 ಸೆಂಟಿಮೀಟರ್ ದೂರದಲ್ಲಿ ಬಟಾಣಿಯ ಅರ್ಧದಷ್ಟು ಕಪ್ಪು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡಗಡೆಯ ಚಿಹ್ನೆಯನ್ನೇ ನೋಡಿ. ಪುಸ್ತಕವನ್ನು ತೋಳಿನಷ್ಟು ದೂರದಿಂದ ನಿಧಾನಕ್ಕೆ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ಹತ್ತಿರ ಬಂದಾಗ ಚುಕ್ಕೆ ಮಾಯವಾಗುತ್ತದೆ. ಮಾಯವಾಗದಿದ್ದರೆ ನಿಮ್ಮ ನೋಟ ಚುಕ್ಕೆಯ ಕಡೆ ಜಾರಿದೆ ಎಂದರ್ಥ, ಮತ್ತೆ ಮಾಡಿ.

ಚುಕ್ಕೆ ಹೋದ ಜಾಗದಲ್ಲಿ ಏನಿದೆ ಗಮನಿಸಿ. ಅಲ್ಲಿ ಕತ್ತಲೆಯೂ ಇಲ್ಲ, ತೂತೂ ಇಲ್ಲ. ಪುಸ್ತಕದ ನೀಲಿ ಗೆರೆ ಏನೂ ಆಗದಂತೆ ಮುಂದುವರಿದಿರುತ್ತದೆ. ಕಣ್ಣಿನ ನರ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ. ಆ ಖಾಲಿಯನ್ನು ಮೆದುಳು ಸುತ್ತಮುತ್ತಲಿನ ಬಣ್ಣ, ಗೆರೆಯಿಂದ ತುಂಬುತ್ತದೆ. ಇಷ್ಟು ವರ್ಷ ಈ ಕಣ್ಣಿನಲ್ಲೇ ನೋಡಿದ್ದೀರಿ, ಒಂದು ದಿನವೂ "ಇಲ್ಲೇನೋ ಕಾಣ್ತಿಲ್ಲ" ಅನಿಸಿಲ್ಲ, ಅಲ್ವಾ? ತೀರ್ಮಾನ ವಾಲಿದಾಗಲೂ ಅನುಭವ ಹೀಗೇ ಇರುತ್ತದೆ. ಏನೋ ಕೊರತೆ ಇದೆ ಅಂತ ಅನಿಸುವುದೇ ಇಲ್ಲ. ಎಲ್ಲ ಸರಿಯಾಗಿದೆ ಅನ್ನಿಸುವುದನ್ನು ಸಾಕ್ಷಿಯಾಗಿ ತೆಗೆದುಕೊಳ್ಳದಿರಲು ಈ ಪುಟ ನಿಮಗೆ ನೆನಪಿರಲಿ.

## ಹಂತ 2: ನಿಮ್ಮ "ಖಂಡಿತ" ಎಷ್ಟು ಗಟ್ಟಿ ಎಂದು ಅಳೆಯಿರಿ

ಕೆಳಗಿನ ಹತ್ತು ಪ್ರಶ್ನೆಗೆ ಸರಿ ಉತ್ತರ ಬೇಡ. ಪ್ರತಿಯೊಂದಕ್ಕೂ ಒಂದು ಕೆಳಗಿನ ಅಂಕಿ, ಒಂದು ಮೇಲಿನ ಅಂಕಿ ಬರೆಯಿರಿ. ಉತ್ತರ ಇವೆರಡರ ನಡುವೆ ಇದೆ ಎಂದು ನಿಮಗೆ 90% ಖಾತ್ರಿ ಇರಬೇಕು. ಗೊತ್ತಿಲ್ಲದಿದ್ದರೆ ಅಂತರ ಎಷ್ಟು ದೊಡ್ಡದಾದರೂ ಇಡಬಹುದು. ಮೊಬೈಲ್ ಮುಟ್ಟಬೇಡಿ.

1. ಕರ್ನಾಟಕದ ವಿಸ್ತೀರ್ಣ, ಚದರ ಕಿಲೋಮೀಟರಿನಲ್ಲಿ
2. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ
3. ಜೋಗ ಜಲಪಾತದ ಎತ್ತರ, ಮೀಟರಿನಲ್ಲಿ
4. ಮುಳ್ಳಯ್ಯನಗಿರಿಯ ಎತ್ತರ, ಮೀಟರಿನಲ್ಲಿ
5. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರುವಾದ ವರ್ಷ
6. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದ ವರ್ಷ
7. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದ ವರ್ಷ
8. ಶ್ರವಣಬೆಳಗೊಳದ ಗೊಮ್ಮಟನ ಎತ್ತರ, ಅಡಿಗಳಲ್ಲಿ
9. ಭೂಮಿಯಿಂದ ಚಂದ್ರನಿಗೆ ಸರಾಸರಿ ದೂರ, ಕಿಲೋಮೀಟರಿನಲ್ಲಿ
10. ಬುಧ ಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ಬೇಕಾಗುವ ದಿನಗಳು

ಬರೆದಾಯಿತಾ? ಉತ್ತರ ಕ್ರಮವಾಗಿ: 1,91,791, ಸುಮಾರು 6.11 ಕೋಟಿ, 253, ಸುಮಾರು 1,930, 1843, 1909, 1902, ಸುಮಾರು 57, ಸುಮಾರು 3,84,400, 88.

ಲೆಕ್ಕದ ಪ್ರಕಾರ ಒಂದು ತಪ್ಪಬೇಕು. ಬಹಳ ಜನಕ್ಕೆ ಮೂರು, ನಾಲ್ಕು, ಕೆಲವೊಮ್ಮೆ ಅದಕ್ಕೂ ಜಾಸ್ತಿ ತಪ್ಪುತ್ತವೆ. ಎಷ್ಟು ತಪ್ಪಿತೋ ಆ ಸಂಖ್ಯೆಯನ್ನು ನೋಟ್‌ಬುಕ್ಕಿನ ಒಳಗಡೆ ರಟ್ಟಿನ ಮೇಲೆ ದೊಡ್ಡದಾಗಿ ಬರೆಯಿರಿ. ನಾಲ್ಕು ತಪ್ಪಿದ್ದರೆ, ನೀವು "ಖಂಡಿತ" ಅನ್ನುವ ಕಡೆ "ಹತ್ತಕ್ಕೆ ಆರು" ಎಂದು ಓದಿಕೊಳ್ಳಬೇಕು.

ಇಲ್ಲಿಯ ಎಚ್ಚರಿಕೆಯ ಗುರುತು ಒಂದೇ. "ಇವೆಲ್ಲ ಸಾಮಾನ್ಯಜ್ಞಾನದ ಪ್ರಶ್ನೆ, ನನ್ನ ಕ್ಷೇತ್ರದಲ್ಲಿ ಕೇಳಿದ್ದರೆ ನೋಡ್ತಿದ್ರಿ" ಅನಿಸಿತಾ? ಹಾಗಿದ್ದರೆ ನಿಮ್ಮ ಕ್ಷೇತ್ರದಲ್ಲೇ ಹತ್ತು ಪ್ರಶ್ನೆ ಮಾಡಿಸಿಕೊಂಡು ಇನ್ನೊಮ್ಮೆ ಬರೆಯಿರಿ. ಇಲ್ಲಿ ಅಳೆಯುತ್ತಿರುವುದು ತಿಳಿವಳಿಕೆಯನ್ನಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿ ಅಂತರ ಅಗಲ ಮಾಡುವ ಅಭ್ಯಾಸವನ್ನು.

## ಹಂತ 3: ಒಂದೇ ತರಹದ ತೀರ್ಮಾನ ಆರಿಸಿ

ಎಲ್ಲ ಪೂರ್ವಗ್ರಹಗಳ ಬೆನ್ನು ಹತ್ತಿದರೆ ಒಂದೂ ಸಿಗುವುದಿಲ್ಲ. ತಿಂಗಳಿಗೆ ನಾಲ್ಕೈದು ಸಲವಾದರೂ ಬರುವ, ಕೆಲವು ವಾರ ಅಥವಾ ತಿಂಗಳಲ್ಲಿ ಫಲ ಗೊತ್ತಾಗುವ ಒಂದು ಬಗೆ ಆರಿಸಿ. ಅಂಗಡಿಯವರಾದರೆ ಯಾವ ಸರಕು ಎಷ್ಟು ತರಿಸುವುದು. ಕೃಷಿಕರಾದರೆ ಯಾವಾಗ ಮಾರುವುದು. ಆಫೀಸಿನವರಾದರೆ ಕೆಲಸಕ್ಕೆ ಎಷ್ಟು ದಿನ ಬೇಕು ಎಂಬ ಅಂದಾಜು. ಮೇಷ್ಟ್ರಾದರೆ ಯಾವ ಹುಡುಗ ಎಷ್ಟು ಅಂಕ ತೆಗೆಯುತ್ತಾನೆ ಎಂಬ ಊಹೆ.

ಮದುವೆ, ಮನೆ ಕಟ್ಟುವುದು ಇಂಥವನ್ನೂ ಬರೆಯಿರಿ, ಆದರೆ ಅವು ಜೀವನದಲ್ಲಿ ಒಂದೆರಡು ಸಲ ಬರುತ್ತವೆ. ಅದರಲ್ಲಿ ಎಣಿಸಲು ಏನೂ ಇರುವುದಿಲ್ಲ.

## ಹಂತ 4: ಫಲ ಗೊತ್ತಾಗುವ ಮೊದಲೇ ಆರು ಸಾಲು ಬರೆಯಿರಿ

ಇಡೀ ಕ್ರಮದ ಬೆನ್ನೆಲುಬು ಇದು. ನನ್ನ ನೋಟ್‌ಬುಕ್ಕಿನ ಒಂದು ಪುಟವನ್ನು ಹಾಗೇ ಕೊಡುತ್ತೇನೆ:

*ತೀರ್ಮಾನ: ಮಹಡಿ ಮೇಲೆ ಎರಡು ರೂಮು ಕಟ್ಟಿಸೋದು.*
*ಏನಾಗುತ್ತೆ: 5 ತಿಂಗಳಲ್ಲಿ ಮುಗಿಯುತ್ತೆ, 14 ಲಕ್ಷದೊಳಗೆ.*
*ಎಷ್ಟು ಖಾತ್ರಿ: 80%.*
*ಯಾಕೆ: ಮೇಸ್ತ್ರಿ ಗೊತ್ತಿರುವವರು. ಮಳೆಗಾಲಕ್ಕೆ ಮುಂಚೆ ಮೋಲ್ಡ್ ಆಗುತ್ತೆ.*
*ಏನು ಕಂಡರೆ ತಪ್ಪು ಅಂತ ಒಪ್ತೀನಿ: ಎರಡನೇ ತಿಂಗಳ ಕೊನೆಗೆ ಮೋಲ್ಡ್ ಆಗಿರದಿದ್ದರೆ.*
*ಈಗ ಮನಸ್ಸು ಹೇಗಿದೆ: ಉತ್ಸಾಹ, ಆತುರ. ನಿನ್ನೆ ಅಣ್ಣನ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ.*

ಕೆಲಸ ಮುಗಿಯಲು ಒಂಬತ್ತು ತಿಂಗಳಾಯಿತು, ಖರ್ಚು 19 ಲಕ್ಷ. ಆ ಹೊತ್ತಿಗೆ ನಾನು ಬಂದವರಿಗೆಲ್ಲ "ಏಳೆಂಟು ತಿಂಗಳು ಆಗುತ್ತೆ ಅಂತ ಮೊದಲೇ ಅಂದುಕೊಂಡಿದ್ದೆ" ಎನ್ನುತ್ತಿದ್ದೆ. ನಂಬಿಯೇ ಹೇಳುತ್ತಿದ್ದೆ. ಪುಟ ತೆಗೆದಾಗ ಅಲ್ಲಿ 5 ಎಂದಿತ್ತು. ಕೊನೆಯ ಸಾಲು ಓದಿದಾಗಲೇ ನನಗೆ ಆ ಆತುರದ ಮೂಲ ಅರ್ಥವಾಗಿದ್ದು.

ನೆನಪು ಹೀಗೆ ತಾನೇ ತಿದ್ದಿಕೊಳ್ಳುವುದು ನನ್ನೊಬ್ಬನ ಗುಣವಲ್ಲ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ರಷ್ಯಾಕ್ಕೆ ಹೋಗುವ ಮೊದಲು ಇಸ್ರೇಲಿನಲ್ಲಿ ವಿದ್ಯಾರ್ಥಿಗಳಿಂದ ಏನೇನಾಗಬಹುದು ಎಂಬ ಊಹೆ ಬರೆಸಿಟ್ಟುಕೊಂಡಿದ್ದರು. ಪ್ರವಾಸ ಮುಗಿದ ಮೇಲೆ "ನೀವು ಆಗ ಎಷ್ಟು ಶೇಕಡ ಬರೆದಿದ್ರಿ?" ಎಂದು ಕೇಳಿದರು. ನಡೆದದ್ದಕ್ಕೆ ತಾವು ಬರೆದದ್ದಕ್ಕಿಂತ ಜಾಸ್ತಿ ಶೇಕಡ ಕೊಟ್ಟಿದ್ದೆವು ಎಂದೇ ಬಹಳ ಜನರಿಗೆ ನೆನಪಿತ್ತು. ಬರೆಯದೆ ಇದ್ದರೆ ಹೋಲಿಸಲು ಏನೂ ಉಳಿಯುವುದಿಲ್ಲ.

ಸಮಯ, ಖರ್ಚಿನ ಅಂದಾಜಿಗೆ ಒಂದು ಉಪಾಯ ಸೇರಿಸಿಕೊಳ್ಳಿ. ಕೆನಡಾದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕೆಂದು ಕೇಳಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಸರಾಸರಿ ಅಂದಾಜು 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ಎಂದಾಗ 49. ನಿಜವಾಗಿ ಹಿಡಿದದ್ದು ಸುಮಾರು 56 ದಿನ. ಕೆಟ್ಟದ್ದನ್ನು ಊಹಿಸಿಕೊಂಡರೂ ಸಾಲಲಿಲ್ಲ ನೋಡಿ. ಆದ್ದರಿಂದ ನಿಮ್ಮ ಯೋಜನೆಯನ್ನು ಪಕ್ಕಕ್ಕಿಡಿ. ಅಂಥದ್ದೇ ಕೆಲಸ ಮುಗಿಸಿದ ಮೂರು ಜನರನ್ನು "ನಿಮಗೆ ಎಷ್ಟಾಯ್ತು?" ಎಂದು ಕೇಳಿ, ಅವರ ಸರಾಸರಿಯನ್ನು ಎರಡನೇ ಸಾಲಿನಲ್ಲಿ ಬರೆಯಿರಿ. ನಮ್ಮ ಬೀದಿಯಲ್ಲಿ ಕೇಳಿದ್ದರೆ ನನಗೆ ಎಂಟು ತಿಂಗಳು ಎಂಬ ಉತ್ತರ ಸುಲಭವಾಗಿ ಸಿಗುತ್ತಿತ್ತು.

ಐದನೇ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಎಷ್ಟು ಮುಖ್ಯ ಎಂದು ತಿಳಿಯಬೇಕಾದರೆ ಬೋರ್‌ವೆಲ್ ಕೊರೆಯುವ ಕಡೆ ಒಂದು ರಾತ್ರಿ ನಿಲ್ಲಬೇಕು. ಲಾರಿ ಸದ್ದು, ಮೈಮೇಲೆಲ್ಲ ಕಲ್ಲುಪುಡಿ. 700 ಅಡಿ ಆಗಿದೆ, ಬರೀ ಬಿಳಿ ಧೂಳು. "ಇಷ್ಟು ಹಾಕಿದ್ದೀವಿ, ಇನ್ನೊಂದು ಐವತ್ತು ಅಡಿ ನೋಡೋಣ" ಎಂದು ಯಾರೋ ಅನ್ನುತ್ತಾರೆ. 750 ಆದ ಮೇಲೂ ಅದೇ ಮಾತು. ಆಳ ಹೋದಂತೆ ಅಡಿಯ ದರವೂ ಏರುತ್ತದೆ. ಹಾಕಿದ ದುಡ್ಡು ಹೋಗಿಯೇ ಬಿಟ್ಟಿದೆ, ಮುಂದಿನ ಐವತ್ತು ಅಡಿಯಲ್ಲಿ ನೀರು ಸಿಗುವ ಸಾಧ್ಯತೆಗೂ ಅದಕ್ಕೂ ಸಂಬಂಧವಿಲ್ಲ. ಇದು ಗೊತ್ತಿದ್ದವರಿಗೂ ಆ ಹೊತ್ತಿನಲ್ಲಿ ನಿಲ್ಲಿಸಲು ಮನಸ್ಸು ಬರುವುದಿಲ್ಲ. ಲಾರಿ ಬರುವ ಹಿಂದಿನ ದಿನವೇ ಮನೆಯವರೆಲ್ಲ ಕೂತು "ಇಷ್ಟು ಅಡಿಗೆ ನಿಲ್ಲಿಸ್ತೀವಿ" ಎಂದು ಬರೆದು, ಆ ಚೀಟಿಯನ್ನು ಅಲ್ಲಿ ನಿಲ್ಲುವ ಒಬ್ಬರ ಕೈಗೆ ಕೊಡಬೇಕು. ಶೇರು, ಚೀಟಿ ವ್ಯವಹಾರ, ನಡೆಯದ ಅಂಗಡಿ, ಎಲ್ಲಕ್ಕೂ ಇದೇ ಸಾಲು.

ಸಾಮಾನ್ಯ ತಪ್ಪು: "ಚೆನ್ನಾಗಾಗಬಹುದು", "ಸ್ವಲ್ಪ ತಡವಾಗಬಹುದು" ಎಂದು ಬರೆಯುವುದು. ಇಂಥ ಸಾಲು ಯಾವತ್ತೂ ಸುಳ್ಳಾಗುವುದಿಲ್ಲ, ಆದ್ದರಿಂದ ಏನೂ ಕಲಿಸುವುದಿಲ್ಲ. ಅಂಕಿ ಮತ್ತು ದಿನಾಂಕ ಇರಲೇಬೇಕು.

## ಹಂತ 5: ಬೇರೆಯವರ ಅಂಕಿ ಕೇಳುವ ಮೊದಲು ನಿಮ್ಮದು ಬರೆಯಿರಿ

ಒಂದು ಮೂವತ್ತು-ನಲವತ್ತರ ಸೈಟು ನೋಡಲು ಹೋಗಿದ್ದೆ. ಬ್ರೋಕರ್ "ನಲವತ್ತೆರಡು ಹೇಳ್ತಿದ್ದಾರೆ ಸಾರ್" ಎಂದರು. ಮೂರು ವಾರ ಚೌಕಾಸಿ ಮಾಡಿ 38ಕ್ಕೆ ಇಳಿಸಿದೆ. ಮನೆಗೆ ಸ್ವೀಟು ತಂದಿದ್ದೆ. ಆಮೇಲೆ ಗೊತ್ತಾಯಿತು, ಅದೇ ಲೇಔಟಿನಲ್ಲಿ ಅದೇ ವರ್ಷ ಅಷ್ಟೇ ಅಳತೆಯ ಎರಡು ಸೈಟು 31, 32ಕ್ಕೆ ಹೋಗಿದ್ದವು. ಮೂರು ವಾರವೂ ನಾನು ಲೆಕ್ಕ ಹಾಕಿದ್ದು 42ರಿಂದ ಎಷ್ಟು ಕೆಳಗೆ ಎಂದು. ಸೈಟಿಗೆ ಎಷ್ಟು ಬೆಲೆ ಎಂದು ಒಂದು ದಿನವೂ ಲೆಕ್ಕ ಹಾಕಿರಲಿಲ್ಲ.

ಮೊದಲು ಕಿವಿಗೆ ಬಿದ್ದ ಅಂಕಿ ಗೂಟದ ಹಾಗೆ. ಹಗ್ಗ ಎಷ್ಟು ಉದ್ದ ಇದ್ದರೂ ಹಸು ಅದರ ಸುತ್ತವೇ ಮೇಯುತ್ತದೆ. ಅಂಕಿಗೂ ವಿಷಯಕ್ಕೂ ಸಂಬಂಧವೇ ಇಲ್ಲದಿದ್ದರೂ ಹೀಗಾಗುತ್ತದೆ. ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾಹ್ನೆಮನ್ 1974ರಲ್ಲಿ ವಿವರಿಸಿದ ಪ್ರಯೋಗದಲ್ಲಿ ಜನರ ಎದುರಿಗೇ ಒಂದು ಚಕ್ರ ತಿರುಗಿಸಿ, ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟು ಎಂದು ಕೇಳಿದರು. ಚಕ್ರ 10ರಲ್ಲಿ ನಿಂತದ್ದನ್ನು ನೋಡಿದವರ ನಡುಮಟ್ಟದ ಉತ್ತರ 25. 65ರಲ್ಲಿ ನಿಂತದ್ದನ್ನು ನೋಡಿದವರದು 45.

ಕ್ರಮ ಹೀಗಿರಲಿ. ಬ್ರೋಕರ್‌ಗೆ ಫೋನ್ ಮಾಡುವ ಮುಂಚೆ ಈಚೆಗೆ ಆ ಬಡಾವಣೆಯಲ್ಲಿ ಕೊಂಡ ಇಬ್ಬರನ್ನು ವಿಚಾರಿಸಿ. ನೋಂದಣಿ ಇಲಾಖೆಯ ಮಾರ್ಗಸೂಚಿ ದರ ನೋಡಿ. ನೀವು ಕೊಡಬಹುದಾದ ಅಂಕಿ ಬರೆದು ಪುಸ್ತಕ ಮುಚ್ಚಿ. ಆಮೇಲೆ ಫೋನ್. ಆಫೀಸಿನ ಮೀಟಿಂಗಿನಲ್ಲೂ ಅಷ್ಟೆ, ಯಾರೂ ಬಾಯಿ ಬಿಡುವ ಮುಂಚೆ ಎಲ್ಲರೂ ತಮ್ಮ ಅಂದಾಜನ್ನು ಚೀಟಿಯಲ್ಲಿ ಬರೆಯಬೇಕು.

ಈಗಾಗಲೇ ಅಂಕಿ ಕೇಳಿಯಾಗಿದ್ದರೆ? ಕೇಳಿದ್ದನ್ನು ಮರೆಯಲು ಆಗುವುದಿಲ್ಲ, ಪ್ರಯತ್ನಿಸಬೇಡಿ. "ಈ ಅಂಕಿ ಯಾಕೆ ತಪ್ಪಿರಬಹುದು" ಎಂಬುದಕ್ಕೆ ಮೂರು ಕಾರಣ ಬರೆಯಿರಿ. ಗೂಟ ಪೂರ್ತಿ ಕಿತ್ತು ಬರುವುದಿಲ್ಲ, ಸಡಿಲವಾಗುತ್ತದೆ.

## ಹಂತ 6: "ಇಲ್ಲ" ಎಂಬ ಉತ್ತರ ಬರುವ ಪ್ರಶ್ನೆ ಕೇಳಿ

ಮನೆಯಲ್ಲಿ ಒಂದು ಆಟ ಆಡಿಸಿ. "2, 4, 6 ಈ ಮೂರು ಸಂಖ್ಯೆ ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಸರಿಹೊಂದುತ್ತವೆ. ನೀವು ಬೇರೆ ಮೂರು ಮೂರು ಸಂಖ್ಯೆ ಹೇಳ್ತಾ ಹೋಗಿ, ನಾನು ಹೌದು, ಇಲ್ಲ ಅಂತೀನಿ. ನಿಯಮ ಗೊತ್ತಾಯ್ತು ಅನ್ನಿಸಿದಾಗ ಹೇಳಿ."

ಹೆಚ್ಚಿನವರು 8, 10, 12 ಅನ್ನುತ್ತಾರೆ. ಹೌದು. 20, 22, 24. ಹೌದು. "ಎರಡೆರಡು ಜಾಸ್ತಿ ಆಗೋದು!" ತಪ್ಪು. ನಿಯಮ ಇಷ್ಟೇ: ಸಂಖ್ಯೆಗಳು ಏರುತ್ತಾ ಹೋಗಬೇಕು. 1, 7, 900 ಕೂಡ ಹೊಂದುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ವಾಸನ್ ಇದನ್ನು 1960ರಲ್ಲಿ ಪ್ರಕಟಿಸಿದಾಗ 29 ಜನರಲ್ಲಿ ಒಂದೂ ತಪ್ಪು ಹೇಳದೆ ನಿಯಮ ಹಿಡಿದವರು 6 ಜನ.

ಆಡುವವರ ಮುಖ ನೋಡಿ. ಪ್ರತಿ "ಹೌದು"ಗೂ ಅವರ ನಂಬಿಕೆ ಗಟ್ಟಿಯಾಗುತ್ತದೆ. ತಮ್ಮ ಊಹೆ ಒಡೆಯಬಲ್ಲ 1, 2, 3 ಅನ್ನುವುದು ಹೊಳೆಯುವುದೇ ಇಲ್ಲ.

ನಾವು ಮಾಹಿತಿ ಹುಡುಕುವುದೂ ಹೀಗೇ. ಮಗಳನ್ನು ಯಾವ ಪಿಯು ಕಾಲೇಜಿಗೆ ಸೇರಿಸಬೇಕು ಎಂದು ಮನಸ್ಸಿನಲ್ಲಿ ಆಗಲೇ ನಿರ್ಧಾರವಾಗಿರುತ್ತದೆ. ಆಮೇಲೆ ಅಲ್ಲಿ ಓದಿ ರ‍್ಯಾಂಕ್ ಬಂದವರ ಅಪ್ಪ ಅಮ್ಮನನ್ನೇ ಹುಡುಕಿ ಕೇಳುತ್ತೇವೆ. ಸಿಇಟಿ, ನೀಟ್ ಫಲಿತಾಂಶ ಬಂದ ವಾರ ಜಾಹೀರಾತಿನ ತುಂಬ ಮಕ್ಕಳ ಫೋಟೊ ಇರುತ್ತವೆ. ಒಟ್ಟು ಎಷ್ಟು ಮಕ್ಕಳು ಸೇರಿದ್ದರು ಎಂಬುದು ಅಲ್ಲಿರುವುದಿಲ್ಲ. ನಿಮ್ಮ ಪ್ರಶ್ನೆ ತಿರುಗಿಸಿ: "ಆ ಬ್ಯಾಚಿನಲ್ಲಿ ಒಟ್ಟು ಎಷ್ಟು ಜನ? ಮಧ್ಯದಲ್ಲಿ ಬಿಟ್ಟವರು ಯಾರು, ಯಾಕೆ ಬಿಟ್ಟರು?" ಬಿಟ್ಟವರಲ್ಲಿ ಒಬ್ಬರನ್ನಾದರೂ ಮಾತಾಡಿಸದೆ ಫೀಸು ಕಟ್ಟಬೇಡಿ.

ಇದರ ಜೊತೆ ಒಂದು ಅಭ್ಯಾಸ ಬೆಳೆಸಿಕೊಳ್ಳಿ. ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿ ಕಂಡ ಕ್ಷಣವೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯಿರಿ. ಸಂಜೆ ಬರೆಯೋಣ ಅಂದರೆ ಅದು ಮರೆತುಹೋಗುತ್ತದೆ. ಚಾರ್ಲ್ಸ್ ಡಾರ್ವಿನ್ ಇದನ್ನು ವರ್ಷಗಟ್ಟಲೆ ನಿಯಮದಂತೆ ಪಾಲಿಸಿದರು. ತಮಗೆ ಅನುಕೂಲವಾದ ಸಂಗತಿಗಿಂತ ಎದುರಾದದ್ದೇ ಬೇಗ ಮರೆತುಹೋಗುತ್ತದೆ ಎಂದು ಅವರು ಅನುಭವದಿಂದ ಕಂಡುಕೊಂಡಿದ್ದರು.

ಎಚ್ಚರಿಕೆಯ ಗುರುತು: ಒಂದು ವಿಷಯದ ಬಗ್ಗೆ ವಾರವಿಡೀ ಓದಿದ್ದೀರಿ, ಕೇಳಿದ್ದೀರಿ. ಆದರೆ ಬೇಸರ ತರಿಸುವ ಒಂದು ಸಂಗತಿಯೂ ಸಿಕ್ಕಿಲ್ಲ. ಹಾಗಾದರೆ ಹುಡುಕಾಟ ಒಂದೇ ಕಡೆ ನಡೆದಿದೆ.

## ಹಂತ 7: ಮನುಷ್ಯರ ಬಗ್ಗೆ ತೀರ್ಮಾನವಿದ್ದರೆ ಹೆಸರು ಬದಲಿಸಿ ಓದಿ

ಇದು ಕಷ್ಟದ ಹಂತ. ಮನೆ, ಸೈಟಿನ ವಿಷಯದಲ್ಲಿ ತಪ್ಪು ಒಪ್ಪಿದಷ್ಟು ಸುಲಭವಾಗಿ ಜನರ ವಿಷಯದಲ್ಲಿ ಒಪ್ಪುವುದಿಲ್ಲ. "ಜಾತಿ ಗೀತಿ ನಾನು ನೋಡಲ್ಲ" ಎಂದು ಪ್ರಾಮಾಣಿಕವಾಗಿ ಹೇಳುವವರೇ ಬಾಡಿಗೆಗೆ ಮನೆ ಕೊಡುವಾಗ "ಯಾವ ಕಡೆಯವರು?" ಎಂದು ಕೇಳುತ್ತಾರೆ.

ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಭಾರತದ ಖಾಸಗಿ ಕಂಪನಿಗಳಿಗೆ ಒಂದೇ ಮಟ್ಟದ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಲಾಗಿತ್ತು. ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು. ಅವನ್ನು ಪಕ್ಕಕ್ಕಿಟ್ಟವರಲ್ಲಿ ಎಷ್ಟೋ ಜನ ತಾವು ಅರ್ಹತೆ ಮಾತ್ರ ನೋಡಿದ್ದೇವೆ ಎಂದೇ ನಂಬಿರುತ್ತಾರೆ.

ಮಾಡಬೇಕಾದ್ದು ಹೀಗೆ. ಕೆಲಸಕ್ಕೆ ತೆಗೆದುಕೊಳ್ಳುವುದಾದರೆ ಅರ್ಜಿ ತೆರೆಯುವ ಮೊದಲೇ ಯಾವ ಯಾವ ಗುಣಕ್ಕೆ ಎಷ್ಟು ಅಂಕ ಎಂದು ಬರೆದಿಡಿ. ಒಬ್ಬರ ಪರವಾಗಿಯೋ ವಿರುದ್ಧವಾಗಿಯೋ ಕಾರಣ ಬರೆದ ಮೇಲೆ, ಅದೇ ಸಾಲನ್ನು ಬೇರೆ ಊರಿನ, ಬೇರೆ ಜಾತಿಯ, ಬೇರೆ ಲಿಂಗದ ಹೆಸರು ಹಾಕಿ ಗಟ್ಟಿಯಾಗಿ ಓದಿ. "ಮಾತು ಕಡಿಮೆ, ಗಂಭೀರ ಸ್ವಭಾವ" ಎಂದು ಒಬ್ಬರಿಗೆ ಬರೆದದ್ದು ಇನ್ನೊಂದು ಹೆಸರಿನ ಎದುರು "ಚುರುಕು ಸಾಲದು" ಎಂದಾಗುತ್ತಿದೆಯಾ? ಓದುವಾಗ ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ.

ಮನೆಯೊಳಗೂ ಇದನ್ನೇ ಮಾಡಿ. ನಿಮ್ಮ ಮಗ ತಡವಾಗಿ ಎದ್ದರೆ "ರಾತ್ರಿ ಓದಿದ್ದಾನೆ, ಪಾಪ", ಸೊಸೆ ತಡವಾಗಿ ಎದ್ದರೆ "ಸೋಮಾರಿ". ಒಬ್ಬರಿಗೆ ಸಂದರ್ಭದ ಕಾರಣ, ಇನ್ನೊಬ್ಬರಿಗೆ ಸ್ವಭಾವದ ಕಾರಣ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅದನ್ನು ಹೆಸರು ಬದಲಿಸಿ ನೋಡಿದಾಗ ಕಣ್ಣಾರೆ ಕಾಣಬಹುದು.

## ಹಂತ 8: ಹೊರಗಿನವರಿಗೆ ಓದಲು ಕೊಡಿ

ಪುಟವನ್ನು ಕೊಟ್ಟು "ಸರಿ ಇದೆಯಾ?" ಎಂದು ಕೇಳಬೇಡಿ. ನಮ್ಮ ಜನ ಮರ್ಯಾದೆಯವರು, "ಚೆನ್ನಾಗಿದೆ" ಅಂದುಬಿಡುತ್ತಾರೆ. ಹೀಗೆ ಕೇಳಿ: "ಒಂದು ವರ್ಷ ಆಗಿದೆ, ಈ ಕೆಲಸ ಪೂರ್ತಿ ಕೆಟ್ಟಿದೆ ಅಂದ್ಕೊಳ್ಳಿ. ಎಲ್ಲಿ ಕೆಟ್ಟಿರಬಹುದು?" ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ಬಳಕೆಗೆ ತಂದ ಈ ಪ್ರಶ್ನೆ ಉತ್ತರ ಕೊಡುವವರ ಸಂಕೋಚ ಬಿಡಿಸುತ್ತದೆ. ಕೆಟ್ಟಿದೆ ಎಂದು ನೀವೇ ಒಪ್ಪಿಕೊಂಡಿದ್ದೀರಲ್ಲ!

ಅವರು ಹೇಳುವಾಗ ನೀವು ಬರೆದುಕೊಳ್ಳಬೇಕು, ಅಷ್ಟೆ. "ಹಾಗಲ್ಲ, ಏನಾಯ್ತು ಅಂದ್ರೆ..." ಎಂದು ಶುರು ಮಾಡಿದರೆ ಅವರು ಅಲ್ಲಿಗೇ ನಿಲ್ಲಿಸುತ್ತಾರೆ. ಎಲ್ಲರೂ ಸೇರಿ ತೀರ್ಮಾನಿಸುವ ಮನೆಯಾದರೆ ಚೀಟಿಯಲ್ಲಿ ಬರೆಸಿ, ಮನೆಯ ಹಿರಿಯರು ಕೊನೆಯಲ್ಲಿ ಮಾತಾಡಲಿ. ದೊಡ್ಡಪ್ಪ ಮೊದಲು ಮಾತಾಡಿದ ಮನೆಯಲ್ಲಿ ಚಿಕ್ಕವರ ಅನುಮಾನ ಹೊರಗೆ ಬರುವುದಿಲ್ಲ.

ಎಚ್ಚರಿಕೆಯ ಗುರುತು: ಯಾರಿಗೆ ತೋರಿಸಬೇಕು ಎಂದು ಯೋಚಿಸುವಾಗ ಒಬ್ಬರ ಹೆಸರು ಬಂದು, "ಅವರು ಬೇಡ, ಅವರಿಗೆ ಇದೆಲ್ಲ ಅರ್ಥ ಆಗಲ್ಲ" ಅನಿಸಿದರೆ, ಅವರಿಗೇ ತೋರಿಸಿ.

## ಹಂತ 9: ಗೊತ್ತು ಮಾಡಿದ ದಿನ ತೆಗೆದು ಎಣಿಸಿ

ಮೂರು ತಿಂಗಳಿಗೊಮ್ಮೆ ಒಂದು ಗಂಟೆ ಕೂತುಕೊಳ್ಳಿ. ಹನ್ನೆರಡು, ಹದಿನೈದು ನಮೂದಾದರೂ ಇರಬೇಕು. ಪ್ರತಿಯೊಂದರ ಎದುರು ಕೆಂಪು ಪೆನ್ನಿನಲ್ಲಿ ಮೂರು ಸಂಗತಿ ಬರೆಯಿರಿ: ಏನಾಯಿತು, ಯಾವ ಕಡೆಗೆ ತಪ್ಪಿತು, ಎಷ್ಟು ಖಾತ್ರಿ ಎಂದಿದ್ದೆ.

"ಯಾವ ಕಡೆಗೆ" ಎಂಬುದರ ಮೇಲೆ ಕಣ್ಣಿರಲಿ. ಸುಮ್ನೆ ತಪ್ಪಾಗುವುದು ಸಹಜ, ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುತ್ತದೆ. ಹದಿನೈದರಲ್ಲಿ ಹನ್ನೆರಡು ಸಲ ಒಂದೇ ಕಡೆಗೆ ಹೋಗಿದ್ದರೆ ಅಲ್ಲಿ ತಕ್ಕಡಿ ವಾಲಿದೆ. ನನ್ನ ಪುಸ್ತಕದಲ್ಲಿ ಸಮಯದ ಅಂದಾಜು ಯಾವಾಗಲೂ ಕಡಿಮೆಗೇ ಹೋಗಿತ್ತು. ನೆಂಟರಿಗೆ ಸಂಬಂಧಪಟ್ಟ ಕೆಲಸಗಳಲ್ಲಿ ಇನ್ನೂ ಜಾಸ್ತಿ. ಅಂಥ ಐದಕ್ಕೆ ಐದೂ ತಪ್ಪಿದ್ದವು. ಎಷ್ಟು ಯೋಚಿಸಿದರೂ ನನಗೆ ಇದು ಹೊಳೆಯುತ್ತಿರಲಿಲ್ಲ, ಎಣಿಸಿದಾಗ ಕಂಡಿತು.

ಖಾತ್ರಿಯನ್ನೂ ಎಣಿಸಿ. 80% ಎಂದು ಬರೆದ ಹತ್ತರಲ್ಲಿ ಎಂಟು ನಿಜವಾಗಿದ್ದರೆ ನಿಮ್ಮ 80 ನಿಜವಾದ 80. ಐದೇ ಆಗಿದ್ದರೆ ಮುಂದಿನ ಮೂರು ತಿಂಗಳು 80 ಅನಿಸಿದಾಗ 50 ಎಂದು ಬರೆಯಿರಿ.

ಒಂದು ಸೂಕ್ಷ್ಮ ಇದೆ. ಫಲ ಕೆಟ್ಟಿತು ಎಂದ ಮಾತ್ರಕ್ಕೆ ತೀರ್ಮಾನ ಕೆಟ್ಟದ್ದಲ್ಲ. ಎಲ್ಲ ವಿಚಾರಿಸಿ ಟೊಮೆಟೊ ಹಾಕಿದಿರಿ, ಆಲಿಕಲ್ಲು ಮಳೆ ಬಂತು. ಇನ್ನೊಬ್ಬರು ಏನೂ ವಿಚಾರಿಸದೆ ಹಾಕಿದರು, ಬೆಲೆ ಏರಿತು. ಆದ್ದರಿಂದ "ಯಾಕೆ" ಎಂಬ ಸಾಲನ್ನು ಫಲ ಮುಚ್ಚಿಟ್ಟು ಓದಿ. ಆ ದಿನ ಗೊತ್ತಿದ್ದ ಸಂಗತಿಗೆ ಆ ಕಾರಣ ಸರಿಯಿತ್ತಾ ಎಂದು ಮಾತ್ರ ನೋಡಿ.

ಎಣಿಕೆ ಮುಗಿದ ಮೇಲೆ ಒಂದೇ ಒಂದು ನಿಯಮ ಮಾಡಿಕೊಳ್ಳಿ. "ಇನ್ನು ಮೇಲೆ ಹುಷಾರಾಗಿರ್ತೀನಿ" ಎಂಬುದು ನಿಯಮವಲ್ಲ. ಯಾವ ಗಳಿಗೆಯಲ್ಲಿ ಏನು ಮಾಡಬೇಕು ಎಂದಿರಬೇಕು: "ನೆಂಟರ ಜೊತೆ ದುಡ್ಡಿನ ಮಾತು ಬಂದರೆ, ಮೂರು ದಿನ ಬಿಟ್ಟು ಉತ್ತರ ಕೊಡೋದು." ಎರಡನೇ ನಿಯಮ ಮುಂದಿನ ಮೂರು ತಿಂಗಳಿಗೆ.

## ಕ್ರಮ ಹಳ್ಳ ಹಿಡಿಯುವ ಕಡೆಗಳು

ಕಲಿತ ಹೆಸರುಗಳನ್ನು ಮನೆಯವರ ಮೇಲೆ ಪ್ರಯೋಗಿಸುವುದು ಮೊದಲನೆಯದು. "ಇದು ನಿನ್ನ ಪೂರ್ವಗ್ರಹ" ಎಂದು ಹೆಂಡತಿಗೆ ಹೇಳಿದ ದಿನ ನಿಮ್ಮ ಪುಟ ಖಾಲಿ ಉಳಿಯುತ್ತದೆ. ನೋಟ್‌ಬುಕ್ಕಿನಲ್ಲಿ ಬೇರೆಯವರ ತಪ್ಪಿಗೆ ಜಾಗ ಕೊಡಬೇಡಿ.

ಗೆದ್ದದ್ದನ್ನು ಮಾತ್ರ ಬರೆಯುವುದು ಇನ್ನೊಂದು. ವಾರ ಕಳೆದು "ಇದನ್ನೂ ಹೀಗೇ ಅಂದುಕೊಂಡಿದ್ದೆ" ಎಂದು ಹಿಂದಿನ ದಿನಾಂಕ ಹಾಕಿ ಬರೆದರೆ, ಹಂತ 4ರಲ್ಲಿ ಯಾವುದನ್ನು ತಪ್ಪಿಸಲು ಹೊರಟೆವೋ ಅದೇ ಒಳಗೆ ಬಂದಿದೆ. ಮರೆತಿದ್ದರೆ ಆ ನಮೂದನ್ನು ಬಿಟ್ಟುಬಿಡಿ.

ಎಲ್ಲದಕ್ಕೂ ಆರು ಸಾಲು ಬರೆಯಲು ಹೋಗಿ ಸುಸ್ತಾಗುವವರೂ ಇದ್ದಾರೆ. ಯಾವ ತರಕಾರಿ ತರಬೇಕು ಎಂಬುದಕ್ಕೆ ನೋಟ್‌ಬುಕ್ ಬೇಡ. ವಾರಕ್ಕೆ ಒಂದೆರಡು ಸಾಕು.

ಇನ್ನೊಂದು ಮಾತನ್ನು ಕಾಳಜಿಯಿಂದ ಹೇಳುತ್ತೇನೆ. ಪುಟ ತಿರುವಿದಾಗೆಲ್ಲ "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಎಂಬ ಮಾತೇ ಬರುತ್ತಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ, ಈ ಅಭ್ಯಾಸ ನಿಲ್ಲಿಸಿ. ಬೇಸರ ಆಳವಾಗಿದ್ದಾಗ ಎಲ್ಲ ಲೆಕ್ಕವೂ ನಮ್ಮ ವಿರುದ್ಧವೇ ಬರುತ್ತದೆ, ಅದನ್ನು ನೋಟ್‌ಬುಕ್ ಸರಿ ಮಾಡುವುದಿಲ್ಲ. ವೈದ್ಯರನ್ನು ಕಾಣಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

## ಇವತ್ತು ಮಾಡುವುದು

ಮೊದಲ ಎರಡು ಹಂತ ಇವತ್ತೇ ಮುಗಿಸಿ. ಈ ವಾರ ಬರಲಿರುವ ಒಂದು ತೀರ್ಮಾನಕ್ಕೆ ಆರು ಸಾಲು ಬರೆಯಿರಿ. ಇವತ್ತಿನಿಂದ ತೊಂಬತ್ತನೇ ದಿನಕ್ಕೆ ಫೋನಿನಲ್ಲಿ ಅಲಾರಂ ಇಡಿ, ಸಮಯ ಭಾನುವಾರ ಬೆಳಿಗ್ಗೆ ಸಿಗುವಂತೆ ಒಂದೆರಡು ದಿನ ಹಿಂದೆ ಮುಂದೆ ಮಾಡಿಕೊಳ್ಳಿ. ನೋಟ್‌ಬುಕ್ ಎಲ್ಲಿಡಬೇಕು ಎಂದು ಕೇಳಿದರೆ, ತೀರ್ಮಾನ ನಡೆಯುವ ಜಾಗದಲ್ಲಿ. ನನ್ನದು ಬೀರುವಿನಲ್ಲಿ ಚೆಕ್‌ಬುಕ್ಕಿನ ಮೇಲೆ ಇದೆ. ಚೆಕ್‌ಬುಕ್ ಬೇಕಾದಾಗ ಮೊದಲು ಅದನ್ನು ಕೈಯಲ್ಲಿ ಎತ್ತಲೇಬೇಕು.